ನಡುಕಕ್ಕೆ ಅಂಕ ಹಾಕುವವನು

"ನಮ್ಮಪ್ಪಂಗೆ ನೀವು ಕೊಡ್ತಿರೋದು ಔಷಧಿನಾ, ಬರೀ ಸಕ್ಕರೆ ಗುಳಿಗೆನಾ?"

ವಿಜಯನಗರದ ಆ ಮನೆಗೆ ಮೊದಲ ಸಲ ಬಂದವನು ಚಪ್ಪಲಿ ಬಿಡುವ ಮುಂಚೆಯೇ ಸೌಮ್ಯಶ್ರೀ ಕೇಳಿಬಿಟ್ಟಳು.

"ನಂಗೂ ಗೊತ್ತಿಲ್ಲ ಮೇಡಂ. ಗೊತ್ತಿರಬಾರ್ದು," ಎಂದ ಚನ್ನವೀರೇಶ್. ಜ್ಞಾನಭಾರತಿ ಹತ್ತಿರದ ಸಂಶೋಧನಾ ಕೇಂದ್ರದವನು.

ಎಷ್ಟು ಚೆನ್ನಾಗಿ ಜಾರಿಕೊಳ್ಳುತ್ತಾನೆ... ಎಂದುಕೊಂಡಳು.

ಅವಳ ಅಪ್ಪ ರೇವಣಸಿದ್ದಯ್ಯನವರಿಗೆ ಪಾರ್ಕಿನ್ಸನ್ ಕಾಯಿಲೆ. ಪೂಜೆಗೆ ಕೂತರೆ ಅಂಗೈ ಮೇಲೆ ಇಷ್ಟಲಿಂಗ ನಿಲ್ಲುತ್ತಿರಲಿಲ್ಲ. ಮಿದುಳಿನ ಕೋಶಗಳ ಮೇಲಿರುವ ರಿಸೆಪ್ಟರ್ ಎಂಬ ಬೀಗದಂಥ ಜಾಗಗಳಲ್ಲಿ ಹೊಸ ಔಷಧಿ ಕೀಲಿಯಂತೆ ಹೋಗಿ ಕೂತರೆ ನಡುಕ ಇಳಿಯಬಹುದೆಂಬ ಪ್ರಯೋಗಕ್ಕೆ ಅವರಾಗಿಯೇ ಸೇರಿದ್ದರು. ಕೆಲವರಿಗೆ ಅಸಲಿ ಗುಳಿಗೆ, ಕೆಲವರಿಗೆ ನಕಲಿ. ಯಾರಿಗೆ ಯಾವುದೆಂದು ರೋಗಿಗೂ ಹೇಳುವುದಿಲ್ಲ, ನಡುಕ ನೋಡಿ ಅಂಕ ಹಾಕುವ ಚನ್ನವೀರೇಶನಿಗೂ ಹೇಳುವುದಿಲ್ಲ.

ತಿಂಗಳಿಗೊಮ್ಮೆ ಬರುತ್ತಿದ್ದವನು ಬರಬರುತ್ತಾ ಕಾಫಿಗೆ ಕೂತ, ಅವಳ ಬ್ಯಾಂಕಿನ ಕೆಲಸ ವಿಚಾರಿಸಿದ, ಗೇಟಿನಿಂದ ತಿರುಗಿ ನೋಡಿದ. ಅವಳಿಗೂ ಇಷ್ಟವಾಗುತ್ತಿತ್ತು. ಇಷ್ಟವಾದಷ್ಟೂ ಅನುಮಾನ. ಅಪ್ಪ ಪ್ರಯೋಗ ಬಿಡದಿರಲಿ ಅಂತ ಬೆಣ್ಣೆ ಹಚ್ಚುತ್ತಿದ್ದಾನೇನೋ...

ಆಮೇಲೊಂದು ತಿಂಗಳು ಅವನ ಬದಲು ಅವನ ಮೇಲಧಿಕಾರಿ ಕುಸುಮಾ ಮೇಡಂ ಬಂದರು. ಯಾಕೆಂದು ಕೇಳಿದರೆ ನಕ್ಕು ಮಾತು ಹಾರಿಸಿದರು. ಅವನು ಫೋನೂ ಎತ್ತಲಿಲ್ಲ. ಅಪ್ಪನಿಗೆ ಸಿಕ್ಕಿರುವುದು ನಕಲಿಯೇ, ಅದು ಗೊತ್ತಾಗಿಯೇ ಮುಖ ತಪ್ಪಿಸಿಕೊಂಡಿದ್ದಾನೆ ಎಂದು ಸೌಮ್ಯಶ್ರೀ ತೀರ್ಮಾನಿಸಿಬಿಟ್ಟಳು. ಸಿಟ್ಟಿಗಿಂತ ಅಳುವೇ ಜಾಸ್ತಿ ಬಂತು.

ಅಪ್ಪನನ್ನು ಪ್ರಯೋಗದಿಂದ ಬಿಡಿಸಿಯೇ ಬರುತ್ತೇನೆಂದು ಕೇಂದ್ರಕ್ಕೆ ಹೋದಳು. ಕ್ಯಾಂಟೀನಿನಲ್ಲಿ ಅವನೊಬ್ಬನೇ ಟೀ ಹಿಡಿದು ಕೂತಿದ್ದ.

"ಎಲ್ಲಾ ಗೊತ್ತಿದ್ದೇ ಓಡಿಹೋದ್ರಿ ಅಲ್ವಾ?"



"ಗುಳಿಗೆ ವಿಷ್ಯ ಇವತ್ತಿಗೂ ನಂಗೆ ಗೊತ್ತಿಲ್ಲ. ನಾನು ಕೊನೇ ಸಲ ಬಂದಾಗ ನಿಮ್ಮಪ್ಪನ ಕೈ ಮೊದಲಿನಷ್ಟೇ ನಡುಗ್ತಾ ಇತ್ತು. ಕಮ್ಮಿಯಾಗಿದೆ ಅಂತ ಬರೆಯೋಕೆ ಹೊರಟಿದ್ದೆ... ಯಾಕಂದ್ರೆ ಬಾಗಿಲ ಹತ್ರ ನೀವು ಆಸೆಯಿಂದ ನೋಡ್ತಾ ನಿಂತಿದ್ರಿ. ಅವತ್ತೇ ಕುಸುಮಾ ಮೇಡಂಗೆ ಹೇಳ್ದೆ, ಆ ಮನೆಗೆ ನನ್ನ ಕಳಿಸ್ಬೇಡಿ, ನನ್ನ ಕಣ್ಣು ನಂಬೋ ಹಾಗಿಲ್ಲ ಅಂತ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಅಪ್ಪನ್ನ ಪ್ರಯೋಗದಲ್ಲಿ ಉಳಿಸ್ಕೊಳ್ಳೋಕೆ ಈ ನಾಟಕ ಅಂದ್ಕೊಳ್ತಿದ್ರಿ."

ಹಾಗೇ ಅಂದುಕೊಂಡಿದ್ದಳಲ್ಲ... ಅವಳಿಗೆ ನಾಚಿಕೆಯಾಯಿತು. ಸುಳ್ಳು ಬರೆಯಲಾರದವನ ಕೈಗೆ ಅಪ್ಪ ಸಿಕ್ಕಿದ್ದಕ್ಕೆ ಸಮಾಧಾನವೂ ಆಯಿತು. ಬಿಡಿಸುವ ಮಾತನ್ನು ಎತ್ತಲೇ ಇಲ್ಲ.

ಅವನ ಲೋಟದಿಂದ ಟೀ ತುಳುಕಿ ಮೇಜಿನ ಮೇಲೆ ಚೆಲ್ಲುತ್ತಿತ್ತು. ಅವಳು ಆ ಕೈ ಹಿಡಿದಳು.

"ಈ ನಡುಕಕ್ಕೆ ಎಷ್ಟು ಅಂಕ?"

"ನೀವೇ ನೋಡಿ ಹಾಕಿ."

"ನನ್ನ ಕಣ್ಣೂ ನಂಬೋ ಹಾಗಿಲ್ಲ ಕಣ್ರೀ," ಎಂದಳು ಸೌಮ್ಯಶ್ರೀ, ಕೈ ಬಿಡದೆ.