ಅಪ್ಪ ಮೀನಿನ ಉಪವಾಸ

ಮೊದಲ ದಿನ ಮೀನುತೊಟ್ಟಿಗಳ ಕೋಣೆಗೆ ಕಾಲಿಟ್ಟು ಅವನು "ನಮಸ್ಕಾರ" ಎಂದಾಗ, ಅಲ್ಲಿ ಮೀನು ನೋಡಿಕೊಳ್ಳುವ ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. ಮೀನುಗಳಿಗೆ ಡಾಕ್ಟರಾಗಿ ಬಂದವನ ಮುಖ ಚಿಕ್ಕದಾಯಿತು. ಹುಡುಗಿಗೆ ಕೊಬ್ಬು ಎಂದುಕೊಂಡ.

ಹೊರಗೆ ಬಂದ ಮೇಲೆ ಅವಳೇ ಹೇಳಿದಳು. "ತಪ್ಪು ತಿಳೀಬೇಡಿ. ಒಳಗಿರೋನು ಬಸುರಿ ಗಂಡಸು. ಗಾಬರಿಯಾದ್ರೆ, ಹಸಿವು ಮೀರಿದ್ರೆ, ಬಾಯಲ್ಲಿರೋ ಮೊಟ್ಟೆನೆಲ್ಲ ನುಂಗಿಬಿಡ್ತಾನೆ."

ಆ ಜಾತಿಯ ಮೀನಿನಲ್ಲಿ ಅಪ್ಪನೇ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು, ಉಪವಾಸವಿದ್ದು, ಮರಿ ಮಾಡುತ್ತಾನೆ. ಒಂದಲ್ಲ ಒಂದು ತೊಟ್ಟಿಯಲ್ಲಿ ಅಂಥ ಅಪ್ಪ ಇದ್ದೇ ಇರುತ್ತಿದ್ದ. ಹಾಗಾಗಿ ಆ ಕೋಣೆಯಲ್ಲಿ ಎಲ್ಲವೂ ಪಿಸುಮಾತು. ಪಿಸುಮಾತಿಗೆ ಹತ್ತಿರ ನಿಲ್ಲಲೇಬೇಕು. ಕೇಳಿಸಿದರೂ ಅವನು "ಏನಂದ್ರಿ?" ಎನ್ನುತ್ತಿದ್ದ. ಅವನ ಕಳ್ಳಾಟ ಗೊತ್ತಿದ್ದೂ ಅವಳು ಇನ್ನೊಮ್ಮೆ ಹೇಳುತ್ತಿದ್ದಳು, ಕೂದಲು ಅವನ ಕಿವಿಗೆ ತಾಗುವಷ್ಟು ಬಾಗಿ.

ನದಿಯಲ್ಲಿ ಆ ಮೀನು ಮುಗಿದುಹೋಗಿ, ಈ ತೊಟ್ಟಿಗಳಲ್ಲಷ್ಟೇ ಉಳಿದಿತ್ತು. ಕೆಲವು ತಿಂಗಳ ಮೇಲೆ ಇಲ್ಲಿಗೂ ರೋಗ ಬಂತು. ಕೊನೆಯ ಹೆಣ್ಣು ಮೊಟ್ಟೆಯಿಟ್ಟು ಸತ್ತಿತು. ಉಳಿದದ್ದು ಒಬ್ಬ ಅಪ್ಪ, ಅವನ ಬಾಯಲ್ಲಿದ್ದಷ್ಟು ಮೊಟ್ಟೆ.

ಒಂದು ಮಧ್ಯಾಹ್ನ ಡಾಕ್ಟರು ಗಾಜಿಗೆ ಮುಖವಿಟ್ಟು ನೋಡಿದ. ಅಪ್ಪ ಬಡಕಲಾಗಿದ್ದ.

"ಇವತ್ತೇ ಬಾಯಿ ಬಿಡಿಸಿ ಮೊಟ್ಟೆ ತೆಗೀಬೇಕು. ಜಾಡಿಯಲ್ಲಿ ಮರಿ ಮಾಡೋಣ."

"ಇನ್ನೂ ಎಳೇವು. ಜಾಡಿಯಲ್ಲಿ ಬೂಷ್ಟು ಹಿಡಿಯುತ್ತೆ. ನಾಳೆವರೆಗೆ ಇವನ ಹತ್ರಾನೇ ಇರಲಿ. ಪ್ಲೀಸ್."

ನಿದ್ದೆಗೆಟ್ಟು ಕೆಂಪಾದ ಕಣ್ಣುಗಳಿಂದ ಅವಳು ಅವನನ್ನೇ ನೋಡಿದಳು. ಅವನು "ಆಯ್ತು" ಎಂದ.

ಬೆಳಿಗ್ಗೆ ಇಬ್ಬರೂ ಬಂದು ನೋಡಿದಾಗ ಅಪ್ಪನ ಗಂಟಲು ಚಪ್ಪಟೆಯಾಗಿತ್ತು. ತೊಟ್ಟಿಯ ತಳದಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ.

"ನುಂಗಿಬಿಟ್ಟಿದಾನೆ," ಎಂದು ಅವಳು ಪಿಸುಗುಟ್ಟಿದಳು. ಇನ್ನು ಪಿಸುಗುಟ್ಟಬೇಕಾಗಿಲ್ಲ ಎಂದು ಹೊಳೆದದ್ದೇ ಒದ್ದೆ ನೆಲದ ಮೇಲೆ ಕುಕ್ಕರಿಸಿ ಗಟ್ಟಿಯಾಗಿ ಅತ್ತಳು. ಆ ಕೋಣೆಯಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು.

"ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವನು ಇನ್ನು ಹಸಿವು ತಡೀತಿರಲಿಲ್ಲ."

"ಮತ್ಯಾಕೆ ಆಯ್ತು ಅಂದ್ರಿ?"

"ಕೇಳಿದ್ದು ನೀವು. ನಿಮ್ಮನ್ನ ಕಂಡ್ರೆ ನನಗೆ ಅಷ್ಟು ಪ್ರೀತಿ. ಇಲ್ಲ ಅನ್ನೋಕೆ ಮನಸ್ಸೇ ಬರಲಿಲ್ಲ."

ಈ ಮಾತಿಗಾಗಿ ಅವಳು ತಿಂಗಳುಗಟ್ಟಲೆ ಕಾದಿದ್ದಳು. ಈಗ ಅವನನ್ನು ತಬ್ಬಿಕೊಳ್ಳಬೇಕೆನಿಸಿತು, ಹೊಡೆಯಬೇಕೆಂದೂ ಅನಿಸಿತು.

"ನನಗೂ ನೀವಂದ್ರೆ ಪ್ರಾಣ," ಎಂದಳು. "ಆದ್ರೆ ಬೇರೆ ಕಡೆ ಕೆಲಸ ನೋಡ್ಕೊಳಿ. ನಾನು ಒಂದು ದಿನ ಕೇಳಿದೆ, ನೀವು ಕೊಟ್ರಿ. ನಿಮ್ಮ ಮುಖ ನೋಡಿದಾಗೆಲ್ಲ ನನಗೆ ಅದೇ ನೆನಪಾಗುತ್ತೆ."

ಅವನು ಚೀಲ ಹೆಗಲಿಗೇರಿಸಿದ. ಬಾಗಿಲಲ್ಲಿ ನಿಂತು ಕೇಳಿದ. "ಇವನಿಗೆ ಊಟ?"

"ನಾನು ಹಾಕ್ತೀನಿ. ಇವನಿರೋ ತನಕ."

ಹೆಜ್ಜೆಯ ಸದ್ದು ನಿಂತ ಮೇಲೆ ಅವಳು ಎದ್ದು ಹುಳು ಹಾಕಿದಳು. ಅಪ್ಪ ಮೀನು ಆತುರಾತುರವಾಗಿ ತಿಂದು, ಇನ್ನೂ ಬೇಕೆಂದು ಗಾಜಿನ ಹತ್ತಿರ ಬಂತು.