ಒಗ್ಗರಣೆಯಿಲ್ಲದ ಭಾನುವಾರ

ಸುಪ್ತಬಿಂಬ ವಾಚಕ ಯಂತ್ರ ಗುಂಯ್ ಎನ್ನುತ್ತ ಐದನೆಯ ಫಿಲ್ಮ್ ರೋಲನ್ನು ಓದಿ ಮುಗಿಸಿತು. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ, ಒಂದು ಹನಿ ರಾಸಾಯನಿಕ ಮುಟ್ಟಿಸಿರಲಿಲ್ಲ. ಆದರೂ ಒಳಗಿನ ಮೂವತ್ತಾರು ಚಿತ್ರಗಳು ಪರದೆಯ ಮೇಲೆ ಸಾಲಾಗಿ ಮೂಡಿದವು. ಗಗನ್ ಒಂದೊಂದನ್ನೂ ಕಣ್ಣು ಕಿರಿದುಮಾಡಿ ನೋಡಿದರು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಚಿತ್ರಗಳಲ್ಲಿ ದೆವ್ವಗಳಿರಲಿಲ್ಲ.

೨೦೭೧ರ ತುಮಕೂರಿನಲ್ಲಿ ಎಲ್ಲರ ಕನ್ನಡಕದಲ್ಲೂ ಕ್ಯಾಮೆರಾ ಇತ್ತು. ಫಿಲ್ಮ್ ಹಾಕಿ ಚಿತ್ರ ತೆಗೆಯುವವರು ಊರಿನ ಛಾಯಾಸಂಘದ ಹದಿನಾಲ್ಕು ಹಟಮಾರಿಗಳು ಮಾತ್ರ. ಫಿಲ್ಮ್ ತಯಾರಿಸುವ ಕಾರ್ಖಾನೆ ಜಗತ್ತಿನಲ್ಲಿ ಒಂದೇ ಉಳಿದಿದ್ದರಿಂದ ಒಬ್ಬ ಸದಸ್ಯನಿಗೆ ವರ್ಷಕ್ಕೆ ಆರೇ ರೋಲು. ನಗರದ ನೀರು ಶುದ್ಧೀಕರಣ ಘಟಕದಲ್ಲಿ ಮೇಲ್ವಿಚಾರಕರಾಗಿದ್ದ ಗಗನ್ ಆ ಆರನ್ನೂ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಹಸಿಮೆಣಸಿನಕಾಯಿಯ ಪಕ್ಕ ಇಡುತ್ತಿದ್ದರು. ಭಾನುವಾರ ಬಂದರೆ ಕೆರೆ ಏರಿಯ ಮೇಲೆ ಹಕ್ಕಿಗಳಿಗಾಗಿ ಕಾಯುತ್ತಿದ್ದರು.

ಆದರೆ ರಾಸಾಯನಿಕದಲ್ಲಿ ತೊಳೆದ ಫಿಲ್ಮಿನಲ್ಲಿ ಪ್ರತಿ ಸಲವೂ ಏನಾದರೊಂದು ಕಾಟ. ಹಕ್ಕಿಯ ಎದೆಯ ಮೇಲೆ ಅಡ್ಡಗೆರೆಗಳು, ಕೆರೆಯ ನೀರಿನಲ್ಲಿ ದುಂಡನೆಯ ಬಿಳಿ ಕಲೆ. ಸಂಘದ ವಾರ್ಷಿಕ ಪ್ರದರ್ಶನ ಅವರ ಚಿತ್ರಗಳನ್ನು ‘ಬಿಂಬ ಅಸ್ಪಷ್ಟ’ ಎಂದು ಬರೆದು ಹನ್ನೊಂದು ಸಲ ಹಿಂದಿರುಗಿಸಿತ್ತು. ಗಗನ್ ಮೊದಲು ಫಿಲ್ಮನ್ನು ಬೈದರು. ಆಮೇಲೆ ತಾವೇ ಶುದ್ಧೀಕರಿಸಿ ಕಳುಹಿಸಿದ ನೀರನ್ನು ಬೈದರು. ಕೊನೆಗೆ ತಪ್ಪು ಅಡುಗೆಮನೆಗೆ ಬಂತು. ಬಚ್ಚಲಿನಲ್ಲಿ ತೊಳೆದ ಫಿಲ್ಮ್ ಒಣಗುವವರೆಗೆ ಮನೆಯಲ್ಲಿ ಒಗ್ಗರಣೆ ಹಾಕಕೂಡದೆಂದು ಆಜ್ಞೆಯಾಯಿತು. ಹೊಗೆ ಬಂದು ಹಸಿ ಫಿಲ್ಮಿಗೆ ಕೂರುತ್ತದಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಹೆಂಡತಿ ಸಿಂಚನ ಒಗ್ಗರಣೆಯಿಲ್ಲದ ಸಾರು ಬಡಿಸುತ್ತಿದ್ದರು.

ಈ ವರ್ಷ ಗಗನ್ ಫಿಲ್ಮ್ ತೊಳೆಯಲು ಬಚ್ಚಲಿಗೇ ಹೋಗಲಿಲ್ಲ. ಆರೂ ರೋಲುಗಳನ್ನು ಹಾಗೆಯೇ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ತಂದರು. ಅಲ್ಲಿನ ವಿಜ್ಞಾನಿ ಡಾ. ರುಬೀನಾ ಯಂತ್ರದ ಗುಟ್ಟನ್ನು ವಿವರಿಸಿದರು. ಬೆಳಕು ಬಿದ್ದಾಗ ಫಿಲ್ಮಿನ ಬೆಳ್ಳಿಯ ಕಣಗಳಲ್ಲಿ ಚಿತ್ರ ಮಲಗಿಕೊಳ್ಳುತ್ತದೆ, ಅದೇ ಸುಪ್ತಬಿಂಬ. ನಾವು ಅದನ್ನು ರಾಸಾಯನಿಕದಿಂದ ಎಬ್ಬಿಸುತ್ತೇವೆ, ಯಂತ್ರ ಮಲಗಿದಲ್ಲೇ ಓದುತ್ತದೆ. ಅಷ್ಟೇ ಅಲ್ಲ, ಬೆಳಕು ಬಿದ್ದು ಎಷ್ಟು ದಿನವಾಯಿತೆಂದೂ ಅಳೆಯುತ್ತದೆ.

“ಸರ್, ನಿಮ್ಮ ರೋಲುಗಳ ಮೇಲೆ ಎರಡೆರಡು ಸಲ ಬೆಳಕು ಬಿದ್ದಿದೆ,” ಎಂದಿದ್ದರು ರುಬೀನಾ. “ಎರಡು ಪದರ ಇವೆ. ಒಂದನ್ನು ಓದಿದ್ರೆ ಇನ್ನೊಂದು ಅಳಿಸಿಹೋಗುತ್ತೆ. ಯಾವುದು ಬೇಕು?”

ಕಾರ್ಖಾನೆಯವರು ಬಳಸಿದ ಫಿಲ್ಮನ್ನೇ ಮತ್ತೆ ತುಂಬಿ ಕಳುಹಿಸಿದ್ದಾರೆಂದು ಗಗನ್ ಕೆಂಡವಾದರು. ಎರಡನೆಯ ಪದರ ತಮ್ಮದು, ಮೊದಲನೆಯದು ಯಾರದೋ ಕಸ, ತೆಗೆದುಹಾಕಿ ಎಂದರು. ಹಾಗೆ ಐದು ರೋಲು ಮುಗಿದವು.

ಅಳಿಸಿದ ಪದರದಿಂದ ಒಂದು ಚಿತ್ರದ ಹೆಬ್ಬೆಟ್ಟಿನಷ್ಟು ನಕಲನ್ನು ಉಳಿಸಿಕೊಳ್ಳುವುದು ಪ್ರಯೋಗಾಲಯದ ಪದ್ಧತಿ. ಐದೂ ಮುಗಿದ ಮೇಲೆ ರುಬೀನಾ ಅಂಥದ್ದೊಂದನ್ನು ತೆರೆದು ನೋಡಿ ಗಗನ್ ಅವರ ಮುಖ ನೋಡಿದರು. ಪರದೆಯನ್ನು ಅವರ ಕಡೆಗೆ ತಿರುಗಿಸಿದರು.

ಅಡುಗೆಮನೆಯ ಕಿಟಕಿಯ ಸರಳುಗಳು. ಕಟ್ಟೆಯ ಮೇಲೆ ಹೊಳೆಯುವ ಬೋಗುಣಿ. ಸರಳುಗಳಾಚೆ ಹಿತ್ತಲಿನಲ್ಲಿ ಒಬ್ಬ ಮನುಷ್ಯ ಹಳೆಯ ಫಿಲ್ಮನ್ನು ಬಿಸಿಲಿಗೆ ಹಿಡಿದು, ಬಾಯಿ ಅರ್ಧ ತೆರೆದು, ಇಡೀ ಲೋಕವೇ ತನಗೆ ಮೋಸ ಮಾಡಿದೆ ಎಂಬಂತೆ ನಿಂತಿದ್ದಾನೆ. ಅದು ಗಗನ್ ಅವರೇ. ಅವರ ಯಾವ ಹಕ್ಕಿಗೂ ಅಷ್ಟು ಜೀವವಿರಲಿಲ್ಲ.

ಆರನೆಯ ರೋಲನ್ನು ಜೇಬಿಗೆ ಹಾಕಿಕೊಂಡು ಅವರು ಮನೆಗೆ ಬಂದರು. ಸಿಂಚನ ಹುರುಳಿಕಾಯಿ ಸೋಸುತ್ತಿದ್ದರು. ಗಗನ್ ಕೇಳಿದ್ದಕ್ಕೆ, ಆ ಚಿತ್ರ ತೆಗೆದದ್ದು ತಾವೇ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಹೊಸ ರೋಲಿನ ತುದಿ ನಾಲಿಗೆಯಂತೆ ಹೊರಗೆ ಚಾಚಿರುತ್ತದೆ, ಮುಗಿದದ್ದನ್ನು ಸುತ್ತಿದರೆ ಒಳಗೆ ಹೋಗುತ್ತದೆ ಎಂದು ಹೇಳಿಕೊಟ್ಟವರು ಗಗನ್ ಅವರೇ. ಒಂದು ರೋಲು ಕಡಿಮೆಯಾದರೂ ಗಂಡ ಮನೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಆದ್ದರಿಂದ ಸಿಂಚನ ಗಂಡನ ಕ್ಯಾಮೆರಾದಲ್ಲೇ ಚಿತ್ರ ತೆಗೆದು, ನಾಲಿಗೆ ಹೊರಗೇ ಇರುವಂತೆ ಸುತ್ತಿ, ಹೊಸದರಂತೆ ಮತ್ತೆ ಫ್ರಿಜ್ಜಿನ ಡಬ್ಬಿಗೆ ಹಾಕುತ್ತಿದ್ದರು.

“ಹನ್ನೊಂದು ವರ್ಷ ನನ್ನ ಚಿತ್ರ ಹಾಳಾಗ್ತಿತ್ತು. ಒಂದು ಮಾತು ಹೇಳ್ಬಾರದಿತ್ತಾ?”

“ನೀವು ಅದಕ್ಕೂ ಮುಂಚೆನೂ ಬೈತಾನೇ ಇದ್ರಿ. ಇದು ನನ್ನಿಂದ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?”

“ನಿನ್ನ ಚಿತ್ರ ನಿನಗೆ ನೋಡೋಕೆ ಸಿಗೋದಿಲ್ಲ ಅಂತ ಗೊತ್ತಿತ್ತಲ್ಲ?”

“ಗೊತ್ತಿತ್ತು.” ಸಿಂಚನ ಕಾಯಿಯ ನಾರು ಎಳೆದರು. “ಒತ್ತಿದಾಗ ಟಕ್ ಅನ್ನುತ್ತಲ್ಲ, ಅಷ್ಟು ಸಾಕಾಗಿತ್ತು.”

ಗಗನ್ ಅವರಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಐದು ರೋಲುಗಳ ಚಿತ್ರಗಳನ್ನು ಕಸವೆಂದು ಅಳಿಸಿಸಿದವರು ತಾವೇ. ಉಳಿದ ಆರನೆಯದರಲ್ಲಿ, ಐದು ಭಾನುವಾರ ಕಾದು ಹಿಡಿದ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಪ್ರದರ್ಶನಕ್ಕೆ ಮನಸ್ಸಿನಲ್ಲೇ ಆರಿಸಿಟ್ಟದ್ದು ಅದನ್ನೇ.

ಮರುದಿನ ಇಬ್ಬರೂ ಪ್ರಯೋಗಾಲಯಕ್ಕೆ ಹೋದರು. ಯಾವ ಪದರವೆಂದು ರುಬೀನಾ ಕೇಳಿದಾಗ ಗಗನ್ ಬೆರಳು ಮಡಚಿ ಬಿಚ್ಚಿ, “ಮೊದಲನೇದು,” ಎಂದರು. ನೀರುಕಾಗೆ ಅಳಿಸಿಹೋಗುವುದನ್ನು ನೋಡಲಾರದೆ ಕಿಟಕಿಯ ಕಡೆಗೆ ತಿರುಗಿದರು.

ಸಿಂಚನ ತಮ್ಮ ಮೂವತ್ತಾರು ಚಿತ್ರಗಳನ್ನು ಜೀವಮಾನದಲ್ಲಿ ಮೊದಲ ಬಾರಿಗೆ ನೋಡಿದರು. ಕಣ್ಣೀರು ಬರಬಹುದೆಂದು ಗಗನ್ ಕರವಸ್ತ್ರ ಹಿಡಿದು ಕಾದರು. ಬರಲಿಲ್ಲ. ಸಿಂಚನರ ಹುಬ್ಬು ಗಂಟಿಕ್ಕಿತು.

“ಹನ್ನೆರಡನೇದು ಅಲುಗಿದೆ. ಇದು ಓರೆ. ನಾನು ನೆಟ್ಟಗೇ ಹಿಡಿದಿದ್ದೆ. ಯಂತ್ರ ಸರಿಯಾಗಿ ಓದಿಲ್ಲ.” ಪರದೆಯಿಂದ ಹಿಂದೆ ಸರಿದು ಹೇಳಿದರು, “ಇದೆಲ್ಲ ಬೇಡ. ಮನೇಲೇ ತೊಳೀಬೇಕು.”

ಸುಪ್ತಬಿಂಬ ವಾಚಕದಿಂದ ಏನೇನು ಪರಿಣಾಮಗಳಾಗಬಹುದೆಂದು ರುಬೀನಾ ನಲವತ್ತು ಪುಟಗಳ ವರದಿ ಬರೆದಿದ್ದರು. ಇದು ಅದರಲ್ಲಿ ಇರಲಿಲ್ಲ.

ಹೊಸ ವರ್ಷದ ಆರು ರೋಲುಗಳು ಬಂದಾಗ ಮೂರು ಮೂರು ಹಂಚಿಕೆಯಾದವು. ಮೊದಲು ಮುಗಿಸಿದವರು ಸಿಂಚನ. ಆ ಭಾನುವಾರ ಗಗನ್ ತಾವೇ ಸಾರು ಮಾಡಿ, ಸಾಸಿವೆ ಡಬ್ಬಿ ಕೈಗೆತ್ತಿಕೊಂಡು ಒಲೆ ಹಚ್ಚಲು ಹೋದರು. ಮುಚ್ಚಿದ ಬಚ್ಚಲ ಬಾಗಿಲಿನ ಹಿಂದಿನಿಂದ ಗಡುಸು ದನಿಯೊಂದು ಬಂತು.

“ಒಗ್ಗರಣೆ ಹಾಕ್ಬೇಡಿ. ಫಿಲ್ಮ್ ಇನ್ನೂ ಒಣಗಿಲ್ಲ.”

ಗಗನ್ ಸಾಸಿವೆ ಡಬ್ಬಿಯನ್ನು ಸದ್ದಾಗದಂತೆ ಕೆಳಗಿಟ್ಟರು.