ಗೌರಕ್ಕ ತಂದ ಮಟ್ಟಸ ಕಾವಲಿ

ಬಹಳ ಹಿಂದೆ, ಮೃಗಪಕ್ಷಿಗಳು ಅಂಗಡಿ ಹೂಡಿ ಕೂರುತ್ತಿದ್ದ ಕಾಲದಲ್ಲಿ, ಸಮಪುರಿ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ಅಡುಗೆಯವಳು ಗೌರಕ್ಕ. ದಿನಾ ಬೆಳಗ್ಗೆ ಮಿಂದು, ಮಡಿಯುಟ್ಟು, ಮೊದಲ ದೋಸೆಯನ್ನು ಅನ್ನಪೂರ್ಣೆಗೆ ಎಡೆ ಇಡುವಳು. ಎರಡನೆಯದನ್ನು ರಾಜಕುಮಾರಿ ಇಂದುಮುಖಿಗೆ ಬಡಿಸುವಳು. ತಾಯಿಯಿಲ್ಲದ ಆ ಹುಡುಗಿ ಗೌರಕ್ಕನ ಕೈತುತ್ತು ತಿಂದೇ ಬೆಳೆದವಳು.

ಒಂದು ಬೆಳಗ್ಗೆ ಗೂನುಬೆನ್ನಿನ ಸನ್ಯಾಸಿಯೊಬ್ಬ ಹಿತ್ತಿಲ ಬಾಗಿಲಿಗೆ ಬಂದ. ಒಲೆಯ ಮೇಲೆ ಕಾವಲಿ ಚೆನ್ನಾಗಿ ಕಾದಿತ್ತು.

"ತಾಯೀ, ಕಾವಲಿಯ ಮೇಲೆ ಕಾಗೆಯ ನೆರಳು ಬಿತ್ತಲ್ಲ! ಮೈಲಿಗೆ ಆಯಿತು. ಒಂದು ಚೆಂಬು ತಣ್ಣೀರು ಸುರಿದು ಮಡಿ ಮಾಡು."

ಮೈಲಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗೌರಕ್ಕ ಹಿಂದುಮುಂದು ನೋಡದೆ ನೀರು ಸುರಿದಳು. ಕಾವಲಿ ಟಣ್ ಎಂದಿತು. ನಡು ಉಬ್ಬಿ ಬೋರಲು ಬುಟ್ಟಿಯಂತಾಯಿತು. ಅದೇ ಗಳಿಗೆಯಲ್ಲಿ ರಾಜ್ಯದ ಕಾವಲಿಗಳೆಲ್ಲ ಡೊಂಕಾದವು. ಎಲೆಯ ಮುಂದೆ ಕುಳಿತಿದ್ದ ಇಂದುಮುಖಿ ಕುಳಿತಲ್ಲೇ ಕಲ್ಲಾದಳು.

ಸನ್ಯಾಸಿ ಗಹಗಹಿಸಿ ನಕ್ಕ. ಅವನು ಸನ್ಯಾಸಿಯಲ್ಲ, ಮಾಂತ್ರಿಕ ವಕ್ರದಂಡ.

"ಹುಣ್ಣಿಮೆಯೊಳಗೆ ಒಂದು ದೋಸೆ ಹುಯ್ಯಿ. ಎಲ್ಲೂ ಸೀಯಬಾರದು, ಎಲ್ಲೂ ಹಸಿ ಇರಬಾರದು, ಚಂದ್ರನಂತೆ ದುಂಡಗಿರಬೇಕು. ಅದರ ಹಬೆ ತಗುಲಿದರೆ ಎದ್ದಾಳು. ಇಲ್ಲವೋ, ಕಲ್ಲೇ ಗತಿ!" ಎಂದು ಕಾಗೆಯಾಗಿ ಹಾರಿಹೋದ.

ಡೊಂಕು ಕಾವಲಿಯಲ್ಲಿ ಎಂಥ ದೋಸೆ! ಹಿಟ್ಟು ಅಂಚಿಗೆ ಜಾರುತ್ತಿತ್ತು, ನಡುವೆ ಕರಕಲಾಗುತ್ತಿತ್ತು.

"ಗೌರಕ್ಕಾ, ನಿನ್ನ ತಪ್ಪಲ್ಲ" ಎಂದ ರಾಜ, ಕಣ್ಣೊರೆಸಿಕೊಳ್ಳುತ್ತ.

"ಸುರಿದ ಕೈ ನನ್ನದು ಪ್ರಭುವೇ. ರಾಜ್ಯದಾಚೆ ಮಾಯಾಬೆಟ್ಟದಲ್ಲಿ ಮೃಗಪಕ್ಷಿಗಳ ಸಂತೆ ಇದೆಯಂತೆ. ನಾನೇ ಹೋಗಿ ಮಟ್ಟಸ ಕಾವಲಿ ತರುತ್ತೇನೆ" ಎಂದು ಗೌರಕ್ಕ ದೇವಿಗೆ ಕೈಮುಗಿದಳು. ಒಂದು ನೆಟ್ಟನೆಯ ತೆಂಗಿನ ಕಡ್ಡಿ, ಒಂದು ಚೆಂಬು ನೀರು ಹಿಡಿದು ಹೊರಟಳು. ಮೂರು ದಿನ ನಡೆದಳು.

ಸಂತೆಯ ಮೊದಲ ಅಂಗಡಿ ನವಿಲಿನದು. ಕಾವಲಿ ಚಿನ್ನದಂತೆ ಹೊಳೆಯುತ್ತಿತ್ತು.

"ಎಲೆಯಷ್ಟು ಹಗುರ! ಎತ್ತಿ ನೋಡು" ಎಂದಿತು ನವಿಲು.

ಗೌರಕ್ಕ ಕಾವಲಿಯ ಮೇಲೆ ಕಡ್ಡಿ ಅಡ್ಡಲಾಗಿಟ್ಟು ಬಗ್ಗಿ ನೋಡಿದಳು. ಕಡ್ಡಿಯ ಕೆಳಗೆ ಬೆಳಕು ತೂರಲಿಲ್ಲ, ಮಟ್ಟಸವಾಗಿಯೇ ಇತ್ತು. ಅಂಗಡಿಯ ಒಲೆಯ ಮೇಲಿಟ್ಟಳು. ಬಿಸಿ ತಾಗಿದ್ದೇ ತಡ, ಕಾವಲಿ ಹಪ್ಪಳದಂತೆ ಸೊಟ್ಟಗಾಯಿತು.

"ಹೊಳಪು ನಿನ್ನ ಗರಿಗಿರಲಪ್ಪ" ಎಂದು ಮುಂದೆ ನಡೆದಳು.

ಎರಡನೆಯ ಅಂಗಡಿ ನರಿಯದು. ಕಾವಲಿಯ ಅಂಚೆಲ್ಲ ದಪ್ಪ, ಸುತ್ತ ಬಳ್ಳಿಯ ಚಿತ್ತಾರ. ಗೌರಕ್ಕ ಅದನ್ನು ಚಪ್ಪಡಿ ಕಲ್ಲಿನ ಮೇಲಿಟ್ಟು ಬೆರಳಲ್ಲಿ ಒತ್ತಿದಳು. ಅದು ತೊಟ್ಟಿಲಿನಂತೆ ತೂಗಾಡಿತು.

"ಅಯ್ಯೋ ಅಕ್ಕಯ್ಯಾ, ಕಲ್ಲೇ ಡೊಂಕು!" ಎಂದಿತು ನರಿ.

ಗೌರಕ್ಕ ಕಲ್ಲು ಬದಲಿಸಿದಳು. ತೂಗಾಡಿತು. ಇನ್ನೊಂದು ಕಲ್ಲು. ತೂಗಾಡಿತು.

"ಬೆಟ್ಟದ ಕಲ್ಲೆಲ್ಲ ಡೊಂಕು, ನಿನ್ನ ಕಾವಲಿ ಒಂದೇ ನೆಟ್ಟಗೆ, ಅಲ್ಲವೇನೋ?" ಎಂದು ನಕ್ಕು ಮುಂದೆ ನಡೆದಳು.

ಮೂರನೆಯ ಅಂಗಡಿಯಲ್ಲಿ ಕರಡಿಯೊಂದು ತೂಕಡಿಸುತ್ತಿತ್ತು. ಮುಂದೆ ಒಂದೇ ಒಂದು ಕಬ್ಬಿಣದ ಕಾವಲಿ. ಕಪ್ಪು, ಒರಟು, ಬೆರಳು ದಪ್ಪ.

"ಅಂದ ಇಲ್ಲ. ಭಾರ ಇದೆ. ಹೊರೋ ತಾಕತ್ತಿದ್ರೆ ಮುಟ್ಟು" ಎಂದು ಗುರುಗುಟ್ಟಿತು.

ಗೌರಕ್ಕ ಕಡ್ಡಿ ಇಟ್ಟಳು; ಬೆಳಕು ತೂರಲಿಲ್ಲ. ಕಲ್ಲಿನ ಮೇಲಿಟ್ಟು ಒತ್ತಿದಳು, ಅಲುಗಲಿಲ್ಲ. ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ ಒಂದು ಹನಿ ನೀರು ಬಿಟ್ಟಳು. ಹನಿ ಯಾವ ಅಂಚಿಗೂ ಓಡದೆ ನಡುವೆಯೇ ಚುಂಯ್ ಎಂದು ಇಂಗಿತು.

"ಕರಡಿಯಪ್ಪಾ, ಇದಕ್ಕೆ ಏನು ಕೊಡಲಿ?"

"ಮೊದಲ ದೋಸೆ ದೇವರಿಗೆ, ಎರಡನೆಯದು ಮಗುವಿಗೆ. ಮೂರನೆಯದು ನನಗೆ."

ಕಾವಲಿ ಆರುವವರೆಗೆ ಕಾದಳು. ಸಿಂಬೆ ಸುತ್ತಿ, ತಲೆಯ ಮೇಲೆ ಹೊತ್ತು, ಮೂರು ದಿನ ನಡೆದಳು. ಕತ್ತು ಸೋತಿತು, ಕಾಲು ಸೋಲಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ಎಣ್ಣೆ ಸವರಿ ಒಲೆಗೇರಿಸಿದಳು. ಕಾವಲಿ ಹದವಾಗಿ ಕಾಯುತ್ತಿದ್ದಂತೆ, ರೇಷ್ಮೆಯುಟ್ಟ ಆಚಾರ್ಯರೊಬ್ಬರು ಬಾಗಿಲಲ್ಲಿ ನಿಂತರು.

"ಛೀ ಛೀ! ಕರಡಿ ಮುಟ್ಟಿದ ಕಾವಲಿ! ಇದರಲ್ಲಿ ದೇವಿಗೆ ಎಡೆಯೇ? ತಣ್ಣೀರು ಸುರಿ, ಮಡಿ ಮಾಡು!"

ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಗೌರಕ್ಕನ ಕೈ ಚೆಂಬಿಗೆ ಹೋಯಿತು. ಎತ್ತಿತು. ಕಲ್ಲಾಗಿ ಕುಳಿತ ಹುಡುಗಿ ಕಣ್ಣಿಗೆ ಬಿದ್ದಳು. ಆಚಾರ್ಯರ ಗೂನುಬೆನ್ನೂ ಕಣ್ಣಿಗೆ ಬಿತ್ತು. ಚೆಂಬನ್ನು ಕೆಳಗಿಟ್ಟಳು.

"ಇದು ಒಲೆಯ ಮೇಲಿದೆ ಸ್ವಾಮೀ. ಅಗ್ನಿದೇವರೇ ಮುಟ್ಟಿದ್ದಾರೆ. ಅದಕ್ಕಿಂತ ದೊಡ್ಡ ಮಡಿ ನನಗೆ ಗೊತ್ತಿಲ್ಲ."

ವಕ್ರದಂಡ ಹಲ್ಲು ಕಡಿದ. ತಾನೇ ಚೆಂಬು ಕಸಿದು ಕಾವಲಿಯ ಮೇಲೆ ಎರಚಿದ. ನೀರು ಬುಸ್ಸೆಂದಿತು. ಕಾವಲಿ ಕೂದಲೆಳೆಯಷ್ಟೂ ಬಾಗಲಿಲ್ಲ. ಹಬೆ ತಿರುಗಿ ಅವನನ್ನೇ ಸುತ್ತಿಕೊಂಡಿತು. ಹಬೆ ಇಳಿದಾಗ ಅಲ್ಲಿ ಮಾಂತ್ರಿಕನಿರಲಿಲ್ಲ. ಕತ್ತು ಬಾಗಿದ ಒಂದು ಸಟ್ಟುಗ ಬಿದ್ದಿತ್ತು.

ಗೌರಕ್ಕ ಕಾವಲಿ ಒರೆಸಿ ಹಿಟ್ಟು ಹುಯ್ದಳು. ಮೊದಲ ದೋಸೆಯನ್ನು ದೇವಿಯ ಮುಂದಿಟ್ಟಳು. ಎರಡನೆಯದು ಚಂದ್ರನಂತೆ ಎದ್ದಿತು. ಅದರ ಹಬೆ ಕಲ್ಲಿನ ಕೆನ್ನೆಗೆ ತಾಗಿತು.

"ಗೌರಕ್ಕಾ, ಒಂದು ದೋಸೆಗೆ ಇಷ್ಟು ಹೊತ್ತಾ? ಹಸಿವು ತಡೆಯೋಕಾಗಲ್ಲ!" ಎಂದಳು ಇಂದುಮುಖಿ.

ಗೌರಕ್ಕ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು.

ಮನೆಮನೆಯ ಕಾವಲಿಗಳು ಮತ್ತೆ ಮಟ್ಟಸವಾದವು. ಅಂದಿನಿಂದ ದಿನಾ ಹಿತ್ತಿಲ ಬಾಗಿಲಲ್ಲಿ ಬಾಳೆಲೆಯ ಮೇಲೆ ಮೂರನೆಯ ದೋಸೆ ಇರುತ್ತಿತ್ತು, ಕರಡಿ ತಪ್ಪದೆ ಬರುತ್ತಿತ್ತು. ದೋಸೆ ಮಗುಚುವ ಕೆಲಸ ವಕ್ರದಂಡನದು. ಸಮಪುರಿಯಲ್ಲಿ ಒಲೆ ಆರಲಿಲ್ಲ, ಎಲೆ ಬರಿದಾಗಲಿಲ್ಲ. ಈ ಕತೆ ಕೇಳಿದವರ ಮನೆಯಲ್ಲೂ ಹಾಗೆಯೇ ಆಗಲಿ.